ಸಾಕು ಎಂಬ ಉತ್ತರ

ಮೊದಲ ದಿನ ಒಂಬತ್ತಕ್ಕೆ ಪ್ರಶ್ನಾವಳಿ, ಹತ್ತಕ್ಕೆ ಮಿದುಳಿನ ಸ್ಕ್ಯಾನ್, ಹನ್ನೊಂದಕ್ಕೆ ನಲವತ್ತು ನಿಮಿಷಗಳ ಕೆಟಮಿನ್ ಡ್ರಿಪ್. ಮರುದಿನ ಹನ್ನೊಂದೂ ನಲವತ್ತಕ್ಕೆ ಮತ್ತೆ ಪ್ರಶ್ನಾವಳಿ, ಆಮೇಲೆ ಎರಡನೆಯ ಸ್ಕ್ಯಾನ್. ಖಿನ್ನತೆಯಿಂದ ನರಳುವವರ ಮಿದುಳಿನಲ್ಲಿ ಈ ಔಷಧ ಏನನ್ನು ಬದಲಿಸುತ್ತದೆಂದು ತಿಳಿಯುವ ಅಧ್ಯಯನದ ಕ್ರಮವಿದು. ಅದು ಒಂದು ನಿಮಿಷವೂ ಆಚೀಚೆಯಾಗದಂತೆ ನೋಡಿಕೊಳ್ಳುವುದು ಸಂಶೋಧನಾ ಸಹಾಯಕಿಯ ಹೊಣೆ.

ಅಧ್ಯಯನಕ್ಕೆ ಸೇರಿದವರಲ್ಲಿ ಹದಿನೇಳನೆಯವರು ಟೈಲರಮ್ಮ. ಎರಡು ವರ್ಷದಿಂದ ಹೊಲಿಗೆ ಯಂತ್ರ ಮುಟ್ಟಿರಲಿಲ್ಲ. ತಿಂಗಳಿಂದ ಇದೇ ಆಸ್ಪತ್ರೆಯ ವಾರ್ಡಿನಲ್ಲಿದ್ದರು. ಮೊದಲ ದಿನ ಹತ್ತನೆಯ ಪ್ರಶ್ನೆಯಾಗಿ, "ಬದುಕಿನ ಬಗ್ಗೆ ಏನನ್ನಿಸುತ್ತಮ್ಮಾ?" ಎಂದು ಕೇಳಿದಾಗ ನೆಲ ನೋಡುತ್ತ, "ಸಾಕು" ಎಂದಿದ್ದರು. ಅಂಕ: ಆರಕ್ಕೆ ಐದು. ಸಾವಿನ ಯೋಚನೆ ಹೆಚ್ಚಿದಷ್ಟೂ ಅಂಕ ಹೆಚ್ಚು; ನಾಲ್ಕು ದಾಟಿದವರನ್ನು ಅರೆಗಳಿಗೆಯೂ ಒಂಟಿಯಾಗಿ ಬಿಡಬಾರದೆಂಬುದು ನಿಯಮ.

ಮರುದಿನ ಅದೇ ಪ್ರಶ್ನೆ. ಅದೇ ಉತ್ತರ: "ಸಾಕು."

ಸಹಾಯಕಿ ಐದು ಬರೆದು, ಒಟ್ಟು ಅಂಕ ಕೂಡಿಸತೊಡಗಿದಳು. ಒಮ್ಮೆ ಕೂಡಿಸಿದ್ದನ್ನು ಇನ್ನೊಮ್ಮೆ ಕೂಡಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ. "ಬಂದೆ ಇರು ಮಗಳೇ" ಎಂದದ್ದು ಕಿವಿಗೆ ಬಿತ್ತು. ಅವಳು "ಹ್ಞೂಂ" ಅಂದೂಬಿಟ್ಟಳು. ತಲೆಯೆತ್ತಿದಾಗ ಎದುರಿನ ಕುರ್ಚಿ ಖಾಲಿ.

ಹೊರಗೆ ಧಾವಿಸಿದಳು. ನಾಲ್ಕನೆಯ ಮಹಡಿ. ಶೌಚಾಲಯದ ಮೂರೂ ಬಾಗಿಲು ದೂಡಿದಳು, ಯಾರೂ ಇಲ್ಲ. ಕಾರಿಡಾರಿನ ಕೊನೆಯ ಕಿಟಕಿ ಹಾರುಹೊಡೆದಿತ್ತು. ಅಲ್ಲಿಗೆ ಇಪ್ಪತ್ತು ಹೆಜ್ಜೆ. ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ, ತೆರೆದು, ಕೆಳಗೆ ನೋಡಿದಳು. ಚಾಲಕನೊಬ್ಬ ಆಂಬುಲೆನ್ಸ್ ತೊಳೆಯುತ್ತಿದ್ದ. ಬೇರೇನಿಲ್ಲ. ಉಳಿದದ್ದು ತಾರಸಿ. ಮೆಟ್ಟಿಲಿನತ್ತ ಓಡಿದಳು. ತಿರುವಿನಿಂದ ಮಾತು ಕೇಳಿಸಿತು.

"ಈ ತೋಳು ಯಾವ ಪುಣ್ಯಾತ್ಮ ಹೊಲಿದನೋ? ಕೈ ಎತ್ತು. ನೋಡು, ಬಗಲಲ್ಲಿ ಗಾಳಿ ಆಡುತ್ತೆ."

"ಅಕ್ಕಾ, ಎಲ್ಲರೂ ನೋಡ್ತಿದಾರೆ."

"ನೋಡಲಿ. ಇಂಥ ಅಂಗಿ ಹಾಕ್ಕೊಂಡು ಓಡಾಡೋಕೆ ನಾಚಿಕೆ ಇಲ್ಲ, ಈಗ ಬಂತು."

ಮೆಟ್ಟಿಲ ತಿರುವಿನಲ್ಲಿ ಟೈಲರಮ್ಮ, ನೋಡಲು ಬಂದಿದ್ದ ತಮ್ಮನ ಅಂಗಿತೋಳಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸುತ್ತಿದ್ದರು. ಸಹಾಯಕಿ ಗೋಡೆಗೊರಗಿದಳು.

"ನೀವು... ಸಾಕು ಅಂದ್ರಲ್ಲಮ್ಮಾ."

"ಅಂದೆ. ಒಂದು ಮೆಷಿನ್ನು, ಎರಡು ಹೊತ್ತು ಊಟ, ಈ ಕತ್ತೆ. ಇಷ್ಟಿದ್ರೆ ಸಾಕು ಅಂದೆ. ಯಾಕೆ, ಇನ್ನೂ ಜಾಸ್ತಿ ಕೇಳಬೇಕಿತ್ತಾ?"

ತಮ್ಮ ನಕ್ಕ. ಸಹಾಯಕಿಗೆ ನಗು ಬರಲಿಲ್ಲ. ಒಂದು ಪದವನ್ನು ನಂಬಿ ಈಗಾಗಲೇ ಒಮ್ಮೆ ಕೆಟ್ಟಿದ್ದಳು. ಈ ಸಲ ಬಿಡಿಸಿ ಕೇಳಿದಳು: "ಸಾಯಬೇಕು ಅನ್ನಿಸುತ್ತಾ?"

ಟೈಲರಮ್ಮನ ಕೈ ನಿಂತಿತು. ತಮ್ಮನ ನಗುವೂ.

"ನಿನ್ನೆವರೆಗೂ ಅನ್ನಿಸ್ತಿತ್ತು" ಎಂದರು ನಿಧಾನವಾಗಿ. "ಇವತ್ತು ಅದು ನೆನಪಾಗಿದ್ದೇ ನೀನು ಕೇಳಿದ್ಮೇಲೆ."

ಸಹಾಯಕಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಕೈಯಲ್ಲೇ ಇದ್ದ ಹಾಳೆಯಲ್ಲಿ ಐದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಬರೆದಳು: ಹದಿನೇಳನೆಯವರು, ಡ್ರಿಪ್ ಮುಗಿದ ಇಪ್ಪತ್ತನಾಲ್ಕು ಗಂಟೆಗಳ ನಂತರ, ಹತ್ತನೆಯ ಪ್ರಶ್ನೆಯ ಅಂಕ ಒಂದು.