ಒಂಬತ್ತನೆಯ ಪ್ರಶ್ನೆ

ಮಾಘ ಕಳೆದು ನೀರು ಇಳಿಯತೊಡಗಿದಾಗ ನಮ್ಮೂರ ಕೆರೆಯ ನಡುವೆ ಒಂದು ದಿಬ್ಬ ಕಾಣಿಸಿಕೊಳ್ಳುತ್ತಿತ್ತು. ಮೊದಲು ತೊಟ್ಟಿಲಿನಷ್ಟಗಲದ ಕಪ್ಪು ನೆತ್ತಿ. ಕೆಲವು ವಾರಗಳಲ್ಲಿ ಆಳೆತ್ತರದ ಮಣ್ಣಿನ ಗುಡ್ಡೆ. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಹರವಿಕೊಂಡು ಬಿಸಿಲಿಗೆ ಮೈಯೊಡ್ಡುತ್ತಿದ್ದವು. ಊರಿನವರು ಅದನ್ನು ಅರಸನ ಕಟ್ಟೆ ಎನ್ನುತ್ತಿದ್ದರು. ಕೆರೆ ಕಟ್ಟಿಸಿದ ಅರಸ ಅಲ್ಲಿ ಕೂತು ಕೆಲಸ ನೋಡುತ್ತಿದ್ದನಂತೆ. ಅದೇ ಊರಿನ ಶಾಲೆಯಲ್ಲಿ ಹದಿನಾರು ವರ್ಷ ಚರಿತ್ರೆ ಕಲಿಸಿದ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ.

ಆ ವರ್ಷ ನಮ್ಮ ಶಾಲೆಗೆ ಆರು ಕಂಪ್ಯೂಟರುಗಳು ಬಂದವು. ಅವುಗಳ ಬೆನ್ನಿಗೇ ಮೇಲಿನ ಕಚೇರಿಯಿಂದ ‘ನಮ್ಮ ಕೆರೆ, ನಮ್ಮ ಚರಿತ್ರೆ’ ಎಂಬ ಆನ್‌ಲೈನ್ ಚಟುವಟಿಕೆಯೂ ಬಂತು. ಮಕ್ಕಳು ತಮ್ಮೂರ ಕೆರೆಗೆ ಹೋಗಿ ಹಕ್ಕಿ ಎಣಿಸಬೇಕು, ದಂಡೆಯ ಗಿಡಗಳ ಚಿತ್ರ ತೆಗೆಯಬೇಕು, ನೀರಿನ ಬಣ್ಣ, ಮಣ್ಣಿನ ಬಗೆ ಗುರುತು ಹಾಕಿಕೊಂಡು ಬಂದು ಜಾಲತಾಣದಲ್ಲಿ ತುಂಬಬೇಕು. ಕೊನೆಗೆ ಆ ಕೆರೆಯ ಬಗ್ಗೆಯೇ ಹನ್ನೆರಡು ಪ್ರಶ್ನೆಗಳು. ಉತ್ತರ ಸರಿಯಿದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಕೆಂಪು ಬಂದರೂ ಹಸಿರು ಬಂದರೂ ಎಷ್ಟು ಸಲ ಬೇಕಾದರೂ ಮತ್ತೆ ಬರೆಯಬಹುದಿತ್ತು. ತರಗತಿಯ ಎಲ್ಲ ಮಕ್ಕಳದೂ ಹಸಿರಾದರೆ ಮಾದರಿ ಶಾಲೆ ಎಂಬ ಮನ್ನಣೆ. ನಮಗೆ ಅದು ಬರೀ ಹೆಸರಿನ ಮಾತಾಗಿರಲಿಲ್ಲ. ನಮ್ಮ ಮೇಲಿನ ತರಗತಿಗಳನ್ನು ಪಕ್ಕದ ಊರಿನ ಶಾಲೆಗೆ ಸೇರಿಸುವ ಸುದ್ದಿ ಹಬ್ಬಿತ್ತು. ಮಾದರಿ ಶಾಲೆಗಳನ್ನು ಮುಟ್ಟುವುದಿಲ್ಲ ಎಂದೂ ಹೇಳುತ್ತಿದ್ದರು.

ಮೂವತ್ತೊಂದು ಮಕ್ಕಳಲ್ಲಿ ಮೂವತ್ತು ಮಂದಿ ಹತ್ತೇ ದಿನದಲ್ಲಿ ಮುಗಿಸಿದರು. ಉಳಿದವಳು ಹುಲಿಗೆಮ್ಮ. ಭೋವಿ ಓಣಿಯ ಹುಡುಗಿ. ತಲೆತಲಾಂತರದಿಂದ ಮಣ್ಣು ಅಗೆದುಕೊಂಡು ಬಂದ ಮನೆತನ. ಮಾತು ಕಡಿಮೆ. ಹಕ್ಕಿ ಎಣಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಹನ್ನೊಂದು ಉತ್ತರಗಳು ಹಸಿರಾಗಿದ್ದವು, ಒಂಬತ್ತನೆಯದೊಂದು ಕೆಂಪು. ‘ಕೆರೆಯ ನಡುವಿನ ದಿಬ್ಬ ಯಾವುದು?’ ಅರಸನ ಕಟ್ಟೆ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಅವಳು ‘ಅಳತೆಗೆ ಬಿಟ್ಟ ಮಣ್ಣು’ ಎಂದು ಬರೆದಿದ್ದಳು.

ಹೆಡ್ ಮಾಸ್ತರರಾದ ಪಂಪಾಪತಿಯವರು ನನ್ನನ್ನು ಕರೆಸಿದರು. ಆ ಹುಡುಗಿ ಹನ್ನೊಂದು ಸಲ ತಪ್ಪು ಉತ್ತರ ಕಳಿಸಿದ್ದಾಳೆ, ಕಚೇರಿಯಿಂದ ಫೋನು ಬಂದಿತ್ತು, ಇದು ಹಟವಲ್ಲದೆ ಮತ್ತೇನು ಎಂದರು. ಅವರು ಕೆಟ್ಟವರಲ್ಲ. ಶಾಲೆ ಉಳಿಯಬೇಕೆಂಬ ಚಿಂತೆ ಅವರನ್ನು ಹಣ್ಣು ಮಾಡಿತ್ತು.

ನಾನು ಹುಲಿಗೆಮ್ಮನನ್ನು ಪುಸ್ತಕದ ಕೋಣೆಗೆ ಕರೆದುಕೊಂಡು ಹೋಗಿ ಕೇಳಿದೆ. ಅಜ್ಜಿ ಹೇಳಿದ್ದನ್ನು ಅವಳು ಹೇಳಿದಳು. ಕೆರೆ ತೋಡುವಾಗ ನಡುವೆ ಒಂದು ಕಡೆ ಮಣ್ಣನ್ನು ಮುಟ್ಟದೆ ಬಿಡುತ್ತಾರೆ. ಸುತ್ತಲಿನ ನೆಲ ಎಷ್ಟು ಆಳಕ್ಕೆ ಹೋಯಿತೆಂದು ಅದರ ಎತ್ತರ ನೋಡಿ ಅಳೆಯುತ್ತಾರೆ. ಅದು ಅಜ್ಜಿಯ ಕತೆ, ಪ್ರಶ್ನೆಯಲ್ಲಿ ಕೇಳಿರುವುದು ಚರಿತ್ರೆ ಎಂದೆ ನಾನು.

“ಅರಸ ಅಲ್ಲಿ ಕುಂತಿದ್ದನ್ನ ಯಾರು ನೋಡ್ಯಾರ್ರಿ, ಅಕ್ಕೋರ?” ಎಂದಳು.

ಆ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಎಂದೇ ಕರೆಯುವುದು. ಶಾಲೆಯ ಕಷ್ಟ ವಿವರಿಸಿ, ಇದೊಂದು ಸಲ ಅವರು ಕೇಳಿದಂತೆ ಬರೆದುಬಿಡು ಎಂದೆ. ಅವಳು ತಲೆ ತಗ್ಗಿಸಿದಳು. ಒಪ್ಪಿದಳೆಂದುಕೊಂಡೆ.

“ನೀವು ಬರಿ ಅಂದ್ರ ಬರೀತೀನ್ರಿ,” ಎಂದಳು. “ಆದ್ರ ಅದರ ಕೆಳಗ ನಿಮ್ಮ ಹೆಸರು ಹಾಕ್ತೀನಿ.”

ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆ ಹನ್ನೆರಡು ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಬರೆದುಕೊಟ್ಟವಳು ನಾನೇ. ಕಚೇರಿ ಶಿಕ್ಷಕರ ಒಂದು ಸಮಿತಿ ಮಾಡಿತ್ತು. ನಮ್ಮ ಕೆರೆಯ ಪಾಲು ನನಗೆ ಬಂದಿತ್ತು. ಒಂಬತ್ತನೆಯದಕ್ಕೆ ಉತ್ತರ ಬರೆಯಲು ನನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು, ಒಂಬತ್ತನೆಯದಕ್ಕೆ ಅವಳು ಕಳಿಸಿದ್ದ ಹನ್ನೊಂದು ಉತ್ತರಗಳನ್ನು ತೆರೆದೆ. ಒಂದೇ ಮಾತನ್ನು ಹನ್ನೊಂದು ಸಲ ಬರೆದಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು. ಹಾಗಿರಲಿಲ್ಲ. ಉತ್ತರದ ಚೌಕದಲ್ಲಿ ನಲವತ್ತು ಅಕ್ಷರಗಳಿಗಷ್ಟೇ ಜಾಗವಿತ್ತು. ಮೊದಲನೆಯದರಲ್ಲಿ ಉತ್ತರ ಬರೆದು, ಕೆಂಪು ಬಂದಾಗ ಎರಡನೆಯದರಲ್ಲಿ ಕಾರಣ ಬರೆದಿದ್ದಳು: ‘ಕಟ್ಟೆ ಕಟ್ಟಿದ್ದರೆ ಮಣ್ಣು ಬೆರಕೆ ಇರಬೇಕು.’ ಮತ್ತೆ ಕೆಂಪು. ದಿಬ್ಬದ ಒಂದು ಬದಿ ಕುಸಿದಿದೆ, ಒಳಗಿನ ಮಣ್ಣು ಕಾಣುತ್ತದೆ. ಕೆಂಪು. ಮೇಲೆ ಎರೆಮಣ್ಣು ಎರಡು ಮೊಳ. ಅದರ ಕೆಳಗೆ ಬಿಳಿಮಣ್ಣು ಒಂದು ಗೇಣು. ಅದರ ಕೆಳಗೆ ಕೆಂಪು ಗರಸುಮಣ್ಣು. ಕೆರೆಯ ಅಂಚಿನ ಕೊರಕಲಿನಲ್ಲೂ ಅದೇ ಮಣ್ಣು, ಅದೇ ಸಾಲು. ಹಗ್ಗ ಹಿಡಿದು ಅಳೆದೆ, ಅಲ್ಲೂ ಅಷ್ಟೇ ಇದೆ. ಹೀಗೆ ತುಂಡು ತುಂಡಾಗಿ, ಯಂತ್ರ ತಪ್ಪು ಎಂದಾಗಲೆಲ್ಲ ಮುಂದಿನ ಸಾಲು ಕಳಿಸುತ್ತ, ಆ ಹುಡುಗಿ ಯಾರಿಗೋ ಒಂದು ಕಾಗದ ಬರೆದಿದ್ದಳು. ಹನ್ನೊಂದನೆಯ ಸಾಲು: ‘ಯಾರಾದರೂ ಬಂದು ನೋಡಿರಿ.’

ಮರುದಿನ ನಾನು ಹೋದೆ. ತರಗತಿಯೆಲ್ಲ ಜೊತೆಗಿತ್ತು. ಹುಲಿಗೆಮ್ಮನ ಅಜ್ಜಿ ಸುಂಕಮ್ಮನವರೂ ಬಂದಿದ್ದರು. ಮೊಣಕಾಲುದ್ದದ ಕೆಸರು ದಾಟಿ ದಿಬ್ಬ ತಲುಪಿದಾಗ ನೀರುಕಾಗೆಗಳು ಎದ್ದು ಹೋದವು. ಕುಸಿದ ಬದಿಯಲ್ಲಿ ಕಪ್ಪು, ಬಿಳಿ, ಕೆಂಗಂದು ಪದರಗಳು ಗೆರೆ ಎಳೆದಂತೆ ಕಾಣುತ್ತಿದ್ದವು. ಹಗ್ಗ ಹಿಡಿದೆವು. ಅಂಚಿಗೆ ಬಂದು ಅಲ್ಲಿಯೂ ಹಿಡಿದೆವು. ಎಲ್ಲಿಯೂ ನಾಲ್ಕು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಸುಂಕಮ್ಮನವರು ಬಿಳಿಯ ಪದರದ ಮೇಲೆ ಅಂಗೈ ಇಟ್ಟು ಹೇಳಿದರು: “ಇದನ್ನ ಯಾರೂ ತಂದು ಹಾಕಿಲ್ಲ, ಅಕ್ಕೋರ. ಇದು ಇದ್ದಲ್ಲೇ ಐತಿ. ಸುತ್ತಲಿಂದು ನಾವು ತಗದೀವಿ.”

ಎಷ್ಟು ತಲೆಮಾರಿನ ಹಿಂದಿನ ಕೆಲಸವೋ. ಅವರು ನಾವು ಎಂದರು. ಅರಸನ ಹೆಸರನ್ನು ಅಷ್ಟು ವರ್ಷ ಹೇಳಿದ ನನ್ನ ಬಾಯಿಂದ ಒಮ್ಮೆಯೂ ಅಗೆದವರ ಮಾತು ಬಂದಿರಲಿಲ್ಲ.

ಅಂದೇ ಕಚೇರಿಗೆ ಬರೆದೆ. ಪ್ರಶ್ನೆ ನನ್ನದು, ಉತ್ತರವೂ ನನ್ನದು, ಉತ್ತರ ತಪ್ಪು, ತಿದ್ದಿರಿ ಎಂದೆ. ವಾರದ ಮೇಲೆ ಜವಾಬು ಬಂತು. ಉತ್ತರಗಳಿಗೆ ಅನುಮೋದನೆ ಸಿಕ್ಕಾಗಿದೆ, ನಡುವೆ ಬದಲಿಸುವಂತಿಲ್ಲ, ನಿಮ್ಮ ವಿದ್ಯಾರ್ಥಿನಿಯೇ ತಿದ್ದಿಕೊಳ್ಳಲಿ.

ಆ ಕಾಗದವನ್ನು ತರಗತಿಯಲ್ಲಿ ಓದಿದೆ. ತಪ್ಪು ಉತ್ತರ ನಾನು ಬರೆದದ್ದೆಂದೂ ಹೇಳಿದೆ. ಅದನ್ನು ಹೇಳುವಾಗ ಹುಲಿಗೆಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಶಾಲೆಗೆ ಏನಾಗಬಹುದೆಂಬುದನ್ನೂ ಮುಚ್ಚಿಡಲಿಲ್ಲ. ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಮಕ್ಕಳು ಒಬ್ಬರ ಹಿಂದೊಬ್ಬರು ಕಂಪ್ಯೂಟರ್ ಕೋಣೆಗೆ ಹೋದರು. ಸಂಜೆಯ ಹೊತ್ತಿಗೆ ಇಪ್ಪತ್ತೊಂಬತ್ತು ಮಕ್ಕಳ ಒಂಬತ್ತನೆಯ ಉತ್ತರ ಕೆಂಪಾಗಿತ್ತು. ಇಬ್ಬರು ಬದಲಿಸಲಿಲ್ಲ, ಏಕೆಂದು ನಾನು ಕೇಳಲಿಲ್ಲ.

ಪಂಪಾಪತಿಯವರು ಪರದೆ ನೋಡಿದರು, ಎದ್ದು ಹೊರಗೆ ಹೋದರು. ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಕಚೇರಿ ನನ್ನಿಂದ ವಿವರಣೆ ಕೇಳಿತು. ಮಕ್ಕಳ ಉತ್ತರ ಸರಿ, ನಿಮ್ಮಲ್ಲಿರುವುದು ತಪ್ಪು, ಇದನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಮೂರು ಸಾಲು ಬರೆದು, ಮೇಲಕ್ಕೆ ಕಳಿಸಲೆಂದು ಹೆಡ್ ಮಾಸ್ತರರ ಮೇಜಿನ ಮೇಲಿಟ್ಟೆ. ಅವರು ಓದಿದರು. ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ‘ನಾನೂ ಹೋಗಿ ಅಳೆದು ನೋಡಿದ್ದೇನೆ’ ಎಂದು ಸೇರಿಸಿ ತಮ್ಮ ಸಹಿ ಹಾಕಿದರು. ಆಗ ಕಂಡೆ, ಅವರ ಪ್ಯಾಂಟಿನ ಅಂಚಿನಲ್ಲಿ ಒಣಗಿದ ಕೆಸರಿತ್ತು.

ಮಾದರಿ ಶಾಲೆಗಳ ಪಟ್ಟಿಯಲ್ಲಿ ನಮ್ಮ ಹೆಸರು ಬರಲಿಲ್ಲ. ನನ್ನನ್ನು ಸಮಿತಿಯಿಂದ ಬಿಟ್ಟರು. ಮುಂದಿನ ವರ್ಷ ಮೇಲಿನ ತರಗತಿಗಳು ಪಕ್ಕದ ಊರಿಗೆ ಹೋದವು. ದಿನವೂ ಎರಡು ಮೈಲಿ ನಡೆಯುವಾಗ ಕೆಲವು ಮಕ್ಕಳು ನನ್ನನ್ನು ಬೈದಿರಲೂಬಹುದು. ಇದನ್ನು ನಾನು ಗೆಲುವೆಂದು ಹೇಳಿಕೊಂಡಿಲ್ಲ. ಆದರೆ ಜಾಲತಾಣದಲ್ಲಿ ಶಿಕ್ಷಕರು ಬರೆದುಕೊಳ್ಳುವ ಪುಟವೊಂದಿತ್ತು. ಹುಲಿಗೆಮ್ಮನ ಹನ್ನೊಂದು ಸಾಲುಗಳನ್ನು ಅಲ್ಲಿ ಹಾಕಿದ್ದೆ. ತಿಂಗಳಾದ ಮೇಲೆ ದೂರದ ಊರಿನ ಮಾಸ್ತರರೊಬ್ಬರು ತಮ್ಮ ಕೆರೆಯ ದಿಬ್ಬದ ಚಿತ್ರ ಕಳಿಸಿದರು. ಪಕ್ಕದಲ್ಲಿ ಹಗ್ಗ ಹಿಡಿದ ಇಬ್ಬರು ಮಕ್ಕಳು. ಆಮೇಲೆ ಇನ್ನೊಂದು ಊರಿನದು ಬಂತು. ಕಚೇರಿ ಉತ್ತರವನ್ನು ಎಂದೂ ತಿದ್ದಲಿಲ್ಲ. ಒಂದು ದಿನ ಒಂಬತ್ತನೆಯ ಪ್ರಶ್ನೆಯೇ ಅಲ್ಲಿಂದ ಮಾಯವಾಗಿತ್ತು.

ಇದಕ್ಕೆಲ್ಲ ಮುಂಚೆ, ಮಕ್ಕಳು ಉತ್ತರ ಬದಲಿಸಿದ ಮಾರನೆಯ ಬೆಳಿಗ್ಗೆ, ಸುಂಕಮ್ಮನವರು ಶಾಲೆಗೆ ಬಂದರು. ಹುಡುಗರು ಏನು ಬರೆದಿದ್ದಾರೆ, ಓದಿ ಹೇಳಿರಿ ಎಂದರು. ಅವರಿಗೆ ಓದು ಬಾರದು. ಬೆಂಚಿನ ತುದಿಯಲ್ಲಿ ಕೂತರು. ಹುಲಿಗೆಮ್ಮ ಒಬ್ಬೊಬ್ಬರ ಹೆಸರು ಹೇಳಿ ‘ಅಳತೆಗೆ ಬಿಟ್ಟ ಮಣ್ಣು’ ಎಂಬ ಮೂರು ಮಾತುಗಳನ್ನು ಓದುತ್ತ ಹೋದಳು. ಒಂದೇ ಉತ್ತರ, ಇಪ್ಪತ್ತೊಂಬತ್ತು ಸಲ. ಸಾಕೇನಜ್ಜಿ ಎಂದು ನಡುವೆ ಕೇಳಿದಾಗ ಅವರು ಕೈಯಾಡಿಸಿ ಮುಂದೆ ಓದು ಎಂದರು. ಇನ್ನೂ ಏಳೆಂಟು ಹೆಸರುಗಳು ಉಳಿದಿದ್ದವು. ಸುಂಕಮ್ಮನವರು ಎದ್ದು ನಿಂತರು. ಮನೆಗೆ ಹಿರಿಯರು ಬಂದಾಗ ಮಾಡುವಂತೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಓದಿ ಮುಗಿಯುವ ತನಕ ಹಾಗೇ ನಿಂತಿದ್ದರು.