ಅಂಚೆಯಣ್ಣನ ಕೋಟು

ಚಿತ್ರಕತೆಯ ಐದನೆಯ ಚೌಕದಲ್ಲಿ ಅಂಚೆಯಣ್ಣನ ಕೋಟಿಗೆ ಕಪ್ಪು ತುಂಬಿ, ಆರನೆಯದಕ್ಕೆಂದು ಅವಳು ಕುಂಚ ಅದ್ದುವ ಹೊತ್ತಿಗೆ ಪಕ್ಕದ ಮನೆಯಾಕೆ ಕೋಣೆಯೊಳಗೆ ಬಂದಳು.

"ಅಯ್ಯೋ, ಇದೇನಮ್ಮಾ ಇದು! ಗಂಡ ಹೊರಗೆ ಮಲಗಿದಾನೆ, ನೀನಿಲ್ಲಿ ಚಿತ್ರ ಬಿಡಿಸ್ತಾ ಕೂತಿದೀಯಲ್ಲ. ನೋಡಿದೋರು ಏನಂದಾರು?"

"ಬಿಡಿಸ್ತಿಲ್ಲ. ತುಂಬ್ತಿದೀನಿ," ಎಂದಳು ಅವಳು, ತಲೆ ಎತ್ತದೆ.

ಬೆಳಗಿನಿಂದ ಅವಳು ಅವನ ಪಕ್ಕದಲ್ಲಿ ಮೂರು ಸಲ ಕೂತು ಮೂರು ಸಲವೂ ಎದ್ದಿದ್ದಳು. ಮೊದಲ ಸಲ ನಲ್ಲಿ ಸೋರುತ್ತಿದೆಯೇ ಎಂದು ನೋಡಲು. ಎರಡನೆಯ ಸಲ ಆಗಲೇ ಮುಚ್ಚಿದ್ದ ಕಿಟಕಿ ಮುಚ್ಚಲು. ಮೂರನೆಯ ಸಲ ಎದ್ದವಳು ನೆಟ್ಟಗೆ ಇಲ್ಲಿಗೆ ಬಂದು ಅವನ ಕುರ್ಚಿಯಲ್ಲಿ ಕೂತಿದ್ದಳು. ಅಂಗಾಲಿಗೆ ಇರುವೆ ಹತ್ತಿದಂತಿತ್ತು. ಹಲಗೆಯ ಮೇಲೆ ಅವನು ಮೊನ್ನೆ ಮಧ್ಯಾಹ್ನ ಬಿಟ್ಟುಹೋದ ಪುಟವಿತ್ತು. ಗೆರೆಗಳೆಲ್ಲ ಮುಗಿದಿದ್ದವು. ಸೀಸೆಯ ತಳದಲ್ಲಷ್ಟೇ ಮಸಿ ಉಳಿದಿದೆ, ಹೊಸದು ತರುತ್ತೇನೆಂದು ಹೊರಟವನು ಬಸ್ ನಿಲ್ದಾಣದಲ್ಲಿ ಕುಸಿದು ಬಿದ್ದ. ವಯಸ್ಸು ನಲವತ್ತೆರಡು. ಹೃದಯ ನಿಂತಿದೆ, ಎಂದಿದ್ದರು ವೈದ್ಯರು.

ಪಕ್ಕದ ಮನೆಯಾಕೆ ಹೋದಳು, ವಾರಪತ್ರಿಕೆಯ ಸಂಪಾದಕ ಬಂದ. ಬಾಗಿಲಲ್ಲೇ ನಿಂತು ಒಮ್ಮೆ ಈ ಕಾಲಿನ ಮೇಲೆ, ಒಮ್ಮೆ ಆ ಕಾಲಿನ ಮೇಲೆ ಭಾರ ಹಾಕಿದ.

"ಕೇಳಬಾರದು ತಾಯಿ, ಕೇಳದೆ ಗತಿಯಿಲ್ಲ. ಮೂರು ಗಂಟೆಗೆ ಪುಟ ಪ್ರೆಸ್ಸಿಗೆ ಹೋಗ್ಬೇಕು. ನಲವತ್ತು ವರ್ಷದಲ್ಲಿ ಅಂಚೆಯಣ್ಣ ಒಂದು ವಾರವೂ ತಪ್ಪಿಸಿಲ್ಲ."

"ಇನ್ನು ಅರ್ಧ ಗಂಟೆ. ಕೆಳಗಡೆ ಸಹಿಯ ಜಾಗ ಖಾಲಿ ಇದೆ."

"ಅದರ ಯೋಚನೆ ಬಿಡಿ. ಮೇಷ್ಟ್ರ ಸಹಿ ನಮ್ಮ ಹತ್ರ ರಾಶಿ ಬಿದ್ದಿದೆ. ಒಂದನ್ನ ಕತ್ತರಿಸಿ ಅಂಟಿಸ್ಕೋತೀವಿ."

"ಮೇಷ್ಟ್ರದು ಬೇಡ ಸಾರ್. ಇವರ ಹೆಸರು ಬರಲಿ."

ಸಂಪಾದಕ ಹಿಂದಕ್ಕೆ ತಿರುಗಿ ನೋಡಿ ಬಾಗಿಲನ್ನು ಅರ್ಧ ಎಳೆದುಕೊಂಡ. "ಮೆಲ್ಲಗೆ ತಾಯಿ."

ಅಂಚೆಯಣ್ಣನೆಂದರೆ ಆ ಚಿತ್ರಕತೆಯ ನಾಯಕ, ಬಲಗಾಲು ಕುಂಟುವ ಅಂಚೆಯವನು. ಲಕೋಟೆಯ ಮೇಲಿನ ಬರಹ ನೋಡಿಯೇ ಕಳ್ಳನನ್ನು ಹಿಡಿಯುವವನು. ಅವನನ್ನು ಹುಟ್ಟಿಸಿದ್ದು ಮೇಷ್ಟ್ರು. ಹನ್ನೊಂದು ವರ್ಷದ ಹಿಂದೆ ಮೇಷ್ಟ್ರ ಕೈ ನಡುಗತೊಡಗಿದಾಗ, ಕುಂಚ ತೊಳೆಯುವ ಸಹಾಯಕನೆಂದು ಎಲ್ಲರಿಗೂ ಗೊತ್ತಿದ್ದ ಶಿಷ್ಯನೇ ಪೂರ್ತಿ ಪುಟ ಬರೆಯತೊಡಗಿದ. ಸಹಿಯನ್ನೂ ಮೇಷ್ಟ್ರದನ್ನೇ ಬರೆದ. ಎರಡು ವರ್ಷದ ಹಿಂದೆ ಮೇಷ್ಟ್ರು ತೀರಿಕೊಂಡರು. ಅವರು ಒಂದು ಪೆಟ್ಟಿಗೆ ತುಂಬ ಚಿತ್ರ ಬರೆದಿಟ್ಟು ಹೋಗಿದ್ದಾರೆ ಎಂದು ಪತ್ರಿಕೆ ಅಚ್ಚು ಹಾಕಿತು. ಓದುಗರು ನಂಬಿದರು. ಪೆಟ್ಟಿಗೆ ಎಲ್ಲಿಯೂ ಇರಲಿಲ್ಲ. ಇದ್ದದ್ದು ಈ ಕೋಣೆ.

"ಒಂದೇ ಒಂದು ವಾರ," ಎಂದಳು ಅವಳು.

"ಮಾಲೀಕರು ನನ್ನ ಚರ್ಮ ಸುಲೀತಾರೆ."

"ಹಾಗಾದ್ರೆ ಪುಟ ಇವರ ಜೊತೆಗೇ ಹೋಗುತ್ತೆ. ಎದೆ ಮೇಲಿಟ್ಟು ಕಳಿಸ್ತೀನಿ."

ದನಿ ಏರಿಸದೆ ಹೇಳಿದ್ದಳು. ಸಂಪಾದಕ ಗಡಿಯಾರ ನೋಡಿಕೊಂಡ. ಹನ್ನೆರಡೂವರೆ.

*

ಮದುವೆಯಾದ ಎರಡನೆಯ ವರ್ಷ ಅವನು ಅವಳ ಕೈಗೆ ದಪ್ಪ ಕುಂಚ ಕೊಟ್ಟಿದ್ದ. "ಎಲ್ಲಿ ಇಂಟು ಗುರುತಿದೆಯೋ ಅಲ್ಲೆಲ್ಲ ಕಪ್ಪು ತುಂಬು. ಗೆರೆ ದಾಟಬೇಡ. ಅಷ್ಟೇ."

ಬರೀ ಗೆರೆಯಲ್ಲಿದ್ದಾಗ ಪುಟ ಬೋಳುಮರದಂತಿರುತ್ತಿತ್ತು. ಕಪ್ಪು ಬಿದ್ದಂತೆ ಗೋಡೆಗೆ ಆಳ ಬರುತ್ತಿತ್ತು, ಟೋಪಿಯ ಕೆಳಗೆ ಕಣ್ಣು ಹುಟ್ಟುತ್ತಿತ್ತು. ಎಂ.ಎ. ಓದಿದವಳಿಗೆ ಇದೆಂಥ ಕೆಲಸ ಎಂದು ಅವಳಿಗೇ ನಗು ಬರುತ್ತಿತ್ತು. ಆದರೂ ಗುರುವಾರ ಬಂತೆಂದರೆ ಕೈ ತುರಿಸುತ್ತಿತ್ತು.

ಮೂರನೆಯ ವಾರವೇ ತಪ್ಪು ಮಾಡಿದಳು. ಒಂದು ಕಿಟಕಿಯಲ್ಲಿ ಅವನು ಎರಡು ಓರೆ ಕಂಬಿ ಬರೆದಿದ್ದ. ಅದನ್ನೂ ಇಂಟು ಗುರುತೆಂದುಕೊಂಡು ಕಿಟಕಿಯನ್ನೇ ಕಪ್ಪು ಮಾಡಿಬಿಟ್ಟಳು. ಅವನು ಪುಟವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಹಗಲು ಹನ್ನೆರಡು ಗಂಟೆ ಕಣೇ ಕತೆಯಲ್ಲಿ."

"ಈಗೇನು ಮಾಡೋದು?"

"ಏನೂ ಬೇಡ. ಹೊರಗಡೆ ಯಾರೋ ನಿಂತಿರೋ ಹಾಗಿದೆ. ಚೆನ್ನಾಗಿದೆ." ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು.

ಮೇಷ್ಟ್ರು ಹೋದ ಮೇಲಾದರೂ ಹೆಸರು ಹಾಕಿಕೊಳ್ಳಿ ಎಂದು ಅವಳು ಹಟ ಹಿಡಿದಿದ್ದುಂಟು. "ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಸತ್ತವರ ಜೊತೆ ಜಗಳಕ್ಕೆ ನಿಂತ ಹಾಗಾಗುತ್ತೆ, ಬಿಡು," ಎಂದಿದ್ದ. ಅವಳು ಬಿಟ್ಟಿದ್ದಳು.

*

ಪುಟವನ್ನು ಹಲಗೆಯ ಸಮೇತ ಎತ್ತಿಕೊಂಡು ಹಜಾರಕ್ಕೆ ಬಂದಾಗ ಅಲ್ಲಿ ಯಾರೋ ಪಾಠ ಮಾಡುತ್ತಿದ್ದರು. ಕಾಲೇಜಿನ ಉಪನ್ಯಾಸಕ; ಅಂಚೆಯಣ್ಣನ ಎಲ್ಲ ಸಂಚಿಕೆಗಳನ್ನೂ ಹೊಲಿಸಿ ಇಟ್ಟುಕೊಂಡವನು, ಮೇಷ್ಟ್ರ ಮೇಲೆ ದೊಡ್ಡ ಲೇಖನ ಬರೆದವನು. ಹೆಣದ ಕಾಲ ದೆಸೆಯಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ದಪ್ಪ ಸಂಪುಟ ಬಿಚ್ಚಿಟ್ಟುಕೊಂಡಿದ್ದ. ಪಕ್ಕದಲ್ಲಿ ಅಕ್ಷರದಜ್ಜ ಕೂತಿದ್ದ. ನಲವತ್ತು ವರ್ಷದಿಂದ ಅಂಚೆಯಣ್ಣನ ಮಾತುಗಳನ್ನೆಲ್ಲ ಚಿತ್ರದಲ್ಲಿ ಬಾಯಿಯ ಬಳಿ ಬರುವ ಗುಳ್ಳೆಯೊಳಗೆ ಕೈಯಲ್ಲೇ ಬರೆಯುತ್ತಿದ್ದವನು ಅವನು. ಕಿವಿ ಮಂದ, ಆದರೂ ತಲೆಯಾಡಿಸುತ್ತಿದ್ದ.

"ಮೇಷ್ಟ್ರು ಮೊದಲು ಸಿನಿಮಾ ಬೋರ್ಡ್ ಬರೆಯೋರು. ಅದಕ್ಕೇ ನೋಡಿ, ಮುಖಗಳೆಲ್ಲ ರಸ್ತೆಯ ಆ ಕಡೆಯಿಂದ ಕಾಣೋ ಹಾಗಿವೆ. ದಪ್ಪ ಗೆರೆ, ಹುಬ್ಬೇ ಅರ್ಧ ಮುಖ. ಆಮೇಲೆ ಬಂದರಿಂದ ಬರೋ ಗಾಜಿನ ಸಾಮಾನಿಗೆ ಸುತ್ತಿದ್ದ ವಿದೇಶಿ ಪತ್ರಿಕೆಗಳು ಅವರ ಕೈಗೆ ಸಿಕ್ವು. ಹರಿದಿದ್ದು, ಮುದುರಿದ್ದು. ಓರೆ ನೆರಳು ಕಲಿತಿದ್ದು ಅಲ್ಲಿಂದ. ಈ ಕಪ್ಪು ಕಿಟಕಿ ನೋಡಿ! ನಡುಮಧ್ಯಾಹ್ನದಲ್ಲಿ ಕತ್ತಲು! ಇದೊಂದರ ಮೇಲೇ ನಾನು ನಾಲ್ಕು ಪುಟ ಬರೆದಿದೀನಿ."

ಅವಳು ಹಲಗೆ ಹಿಡಿದು ಬಾಗಿಲಲ್ಲೇ ನಿಂತಳು.

"ಈ ಕಿಟಕಿಯೂ ಕೊನೆಗಾಲದ್ದೇ. ಆ ಕಾಲದ್ದೇ ಬೇರೆ," ಉಪನ್ಯಾಸಕ ಹಾಳೆ ತಿರುವಿದ. "ಅರವತ್ತೆಂಟು ದಾಟಿದ ಮೇಲೆ ಮೇಷ್ಟ್ರು ಮೊದಲ ಸಲ ಬಟ್ಟೆ ನೋಡೋಕೆ ಕಲಿತರು. ಈ ಕೋಟಿನ ಮಡಿಕೆ ನೋಡಿ! ಎಲ್ಲಿಂದ ಬಂತು ಅಂತ ನಾನು ತಲೆ ಕೆಡಿಸ್ಕೊಂಡಿದೀನಿ. ಅಂಥವರ ಕುಂಚ ತೊಳೆಯೋ ಭಾಗ್ಯ ಇವರಿಗಿತ್ತು. ಪುಣ್ಯವಂತರು ಬಿಡಿ. ಹೂವಿನ ಜೊತೆ ನಾರೂ ಸ್ವರ್ಗ ಸೇರ್ತು."

ಅವಳ ಕೈಯಲ್ಲಿದ್ದ ಹಲಗೆ ಬಾಗಿಲಿಗೆ ತಗುಲಿ ಸದ್ದಾಯಿತು.

"ಕೊಡಪ್ಪ ಇಲ್ಲಿ," ಎಂದಳು ಅತ್ತೆ.

ನಿನ್ನೆ ಹಿರಿಮಗಳ ಊರಿಂದ ಬಂದಾಗಿನಿಂದ ಅತ್ತೆ ಬಾಯಿ ಬಿಟ್ಟಿರಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಮಕ್ಕಳ ಪತ್ರಿಕೆಯೆಂದು ಅದನ್ನು ಯಾವತ್ತೂ ತೆರೆದು ನೋಡಿದವಳಲ್ಲ. ಕನ್ನಡಕ ಏರಿಸಿ, ಸಂಪುಟವನ್ನು ತೊಡೆಗಿಟ್ಟುಕೊಂಡು ಹಾಳೆಯನ್ನು ಬಟ್ಟೆಯಂತೆ ಬೆರಳಲ್ಲಿ ಸವರಿದಳು. ಹಿಂದಿನ ಪುಟಗಳಿಗೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

"ಇದು ಆ ಹಿರಿಯರದು. ತೋಳು ನೋಡಪ್ಪ, ಒಲೆ ಊದೋ ಕೊಳವೆ ಥರ. ಒಳಗೆ ಕೈಯೇ ಇಲ್ಲ. ಮುಖ ಮಾತ್ರ ಚೆನ್ನಾಗಿದೆ." ಹಾಳೆ ತಿರುವಿದಳು. "ಇದು ಅವರದಲ್ಲ."

"ಕೆಳಗಡೆ ಸಹಿ ಇದೆಯಲ್ಲಮ್ಮ," ಉಪನ್ಯಾಸಕ ನಕ್ಕ.

"ಸಹಿ ನಂಗೆ ಗೊತ್ತಿಲ್ಲ. ಬಟ್ಟೆ ಗೊತ್ತು. ಎಡಗಡೆ ಚೀಲದ ಭಾರ, ಬಲಗಡೆ ಕುಂಟು. ಹಂಗಿದ್ರೆ ಎಳೆತ ಕಂಕುಳಿಂದ ಶುರುವಾಗಿ ಹಿಂಗೇ ಬೆನ್ನಿಗೆ ಓಡುತ್ತೆ. ಗುಂಡಿ ಮೇಲಿಂದ ಎರಡನೇದು ಬಿಗೀತದೆ, ಉಳಿದಿದ್ದು ಸಡಿಲ. ಇದನ್ನ ಹೊರದೇಶದ ಕಾಗದ ನೋಡಿ ಕಲೀತಾರೇನು? ಮಿಷನ್ ಕೆಳಗೆ ಕೂತು ಕಲೀಬೇಕು. ಇವನು ಎಂಟು ವರ್ಷ ಆಗೋ ತನಕ ನನ್ನ ಕಾಲ ಹತ್ರಾನೇ ಬಿದ್ದಿರ್ತಿದ್ದ. ಅಳತೆಗೆ ಬಂದೋರ ಬೆನ್ನು ನೋಡ್ತಾ." ಬೆರಳು ಚಿತ್ರದ ಮೇಲೆ ನಿಂತಿತು. "ಇದು ನನ್ನ ಮಗಂದು."

ಸಂಪಾದಕ ಇಂಗು ತಿಂದ ಮಂಗನಂತೆ ಗೋಡೆ ನೋಡುತ್ತಿದ್ದ. ಅತ್ತೆ ಕನ್ನಡಕದ ಮೇಲಿಂದ ಸೊಸೆಯತ್ತ ತಿರುಗಿದಳು.

"ನಿಂಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ. ಹನ್ನೊಂದು ವರ್ಷದಿಂದ."

"ನಂಗೂ ಹೇಳಲಿಲ್ಲವಲ್ಲೇ ಅವನು." ಅತ್ತೆ ಮಗನ ಕಡೆ ನೋಡಿದಳು. "ಕಳ್ಳ."

ಉಪನ್ಯಾಸಕನ ಮುಖ ಬಿಳಿಚಿತ್ತು. ಸಂಪುಟವನ್ನು ಮೆಲ್ಲಗೆ ವಾಪಸು ತೆಗೆದುಕೊಂಡು, ಹುಡುಕಿ ಒಂದು ಪುಟಕ್ಕೆ ಬಂದ. "ಹಾಗಾದ್ರೆ... ಈ ಕಿಟಕಿನೂ ಇವರದೇನಾ?"

"ಅದು ನಂದು," ಎಂದಳು ಅವಳು. "ತಪ್ಪಿ ತುಂಬಿದ್ದು. ಕಂಬಿ ಅಂತ ಗೊತ್ತಾಗಲಿಲ್ಲ."

"ನಾಲ್ಕು ಪುಟ!" ಎಂದ ಅಕ್ಷರದಜ್ಜ ಥಟ್ಟನೆ, ಅಷ್ಟೊಂದು ಮಂದವೇನಲ್ಲದ ಕಿವಿಯವನು. ನಗು ತಡೆಯಲಾರದೆ ಕೆಮ್ಮಿದ. ಉಪನ್ಯಾಸಕ ಎದ್ದು ನಿಂತು, ಮೊದಲ ಸಲ ಮಲಗಿದ್ದವನ ಮುಖದ ಹತ್ತಿರ ಹೋದ.

*

ಹೆಣ ಒಯ್ಯುವ ಗಾಡಿ ಬಂದಾಗ ಎರಡೂಕಾಲು. ಚಾಲಕ ಇಂಜಿನ್ ನಿಲ್ಲಿಸಲೂ ಇಲ್ಲ. "ಬೇಗ ಆಗ್ಲಿ ಸ್ವಾಮಿ, ಇನ್ನೆರಡು ಕಡೆ ಹೋಗೋದಿದೆ." ಆರು ಜನ ಎತ್ತಿದರು, ಹಿಂದಿನ ಬಾಗಿಲು ಮುಚ್ಚುವುದಷ್ಟೇ ಉಳಿಯಿತು. ಅವಳು ಹಲಗೆ ಹಿಡಿದುಕೊಂಡು ಆ ಬಾಗಿಲ ಬಳಿಯೇ ನಿಂತಿದ್ದಳು. ಕೊನೆಯ ಕೋಟೂ ತುಂಬಿ ಮುಗಿದಿತ್ತು. ಒಳಗೆ ಅವನ ಎದೆಯ ಮೇಲೆ ಬಿಳಿಯ ಹೊದಿಕೆ ಸಮವಾಗಿ ಹರಡಿತ್ತು. ಹಲಗೆ ಇಡಲು ಬೇಕಾದಷ್ಟು ಜಾಗವಿತ್ತು.

ಸಂಪಾದಕ ಅವಳ ಕೈಯನ್ನೂ ಗಾಡಿಯ ಒಳಗನ್ನೂ ನೋಡಿದ. ಹನ್ನೊಂದು ವರ್ಷ ಪ್ರತಿ ಗುರುವಾರ ಇದೇ ಮನೆಯಿಂದ ಪುಟ ಒಯ್ದವನು ಅವನೇ.

"ಹಾಕಿ ತಾಯಿ," ಎಂದ. "ಹೆಸರು ಹಾಕಿ. ಬೈಗುಳ ನಾನು ತಿಂತೀನಿ."

ಅವಳು ಜೊತೆಗೆ ತಂದಿದ್ದ ಸೀಸೆಯ ತಳದ ಮಸಿಗೆ ಲೇಖನಿ ಅದ್ದಿದಳು. ಮೂಲೆಯ ಖಾಲಿ ಜಾಗದ ಮೇಲೆ ಅದನ್ನು ತಂದಳು. ಕೈ ಅಲ್ಲೇ ನಿಂತಿತು.

ಅವನ ಸಹಿ ಹೇಗಿರುತ್ತಿತ್ತು? ಮೇಷ್ಟ್ರದು ಗೊತ್ತು, ಇಲಿಬಾಲದಂತೆ ಕೆಳಗಿಳಿದು ಸುತ್ತಿಕೊಳ್ಳುತ್ತಿತ್ತು. ಅವನು ಅದನ್ನು ಕಣ್ಣು ಮುಚ್ಚಿ ಬರೆಯುತ್ತಿದ್ದ. ಬ್ಯಾಂಕಿನ ಕಾಗದದ ಮೇಲೆ ಅವನದೊಂದಿತ್ತು, ಬಿಡಿಸಲಾಗದ ದಾರದ ಗಂಟು. ಚಿತ್ರದ ಕೆಳಗೆ ನಿಲ್ಲುವಂಥ ಸಹಿ ಅವನಿಗೆ ಇರಲೇ ಇಲ್ಲ. ಲೇಖನಿಯ ತುದಿಯಲ್ಲಿ ಹನಿ ದಪ್ಪವಾಗತೊಡಗಿತು.

"ಕೊಡು ಮಗಳೇ, ಬೀಳುತ್ತೆ ಅದು," ಎಂದು ಅಕ್ಷರದಜ್ಜ ಲೇಖನಿ ತೆಗೆದುಕೊಂಡ.

ಸುತ್ತ ಮೇಜಿರಲಿಲ್ಲ. ಅಜ್ಜ ಹಲಗೆಯನ್ನು ಗಾಡಿಯ ಮುಂದಕ್ಕೆ ಒಯ್ದು ಬಾನೆಟ್ಟಿನ ಮೇಲಿಟ್ಟ. ನಡುಗುವ ಇಂಜಿನ್ನಿನ ಮೇಲೆ ಪುಟವೂ ನಡುಗಿತು.

"ನಿಲ್ಸಪ್ಪ ಇದನ್ನ."

ಚಾಲಕ ಗೊಣಗುತ್ತ ಕೀಲಿ ತಿರುಗಿಸಿದ. ಬೀದಿಯ ಸದ್ದು ಒಮ್ಮೆಲೇ ಅಡಗಿತು. ಅಜ್ಜ ಅಂಚೆಯಣ್ಣನ ಮಾತು ಬರೆಯುವ ಅದೇ ಗುಂಡಗಿನ, ಬಿಡಿಬಿಡಿ ಅಕ್ಷರದಲ್ಲಿ ಹೆಸರು ಬರೆದ. ಗುಳ್ಳೆ ಹಾಕಲಿಲ್ಲ. ಮಸಿ ಗಟ್ಟಿಯಾಗಿತ್ತು, ಅಕ್ಷರಗಳು ಉಬ್ಬಿ ಹೊಳೆಯುತ್ತಿದ್ದವು. ಗಾಳಿಗೆ ಹಾಳೆಯ ತುದಿ ಎದ್ದಿತು. ಅತ್ತೆ ಮುಂದೆ ಬಂದು ಎರಡು ಬೆರಳಲ್ಲಿ ಅದನ್ನು ಒತ್ತಿ ಹಿಡಿದಳು. ಉಪನ್ಯಾಸಕ ಬಗ್ಗಿ, ಸುಡುವ ಹಾಲಿಗೆ ಊದುವಂತೆ ಮೆಲ್ಲಗೆ ಊದತೊಡಗಿದ. ಸಂಪಾದಕ ಗಡಿಯಾರ ನೋಡಲಿಲ್ಲ.

ಚಾಲಕ ಕೀಲಿ ಹಿಡಿದುಕೊಂಡು ಕೆಳಗಿಳಿದು ಬಂದ. ಎಲ್ಲರ ಭುಜದ ಮೇಲಿಂದ ಇಣುಕಿ ನೋಡಿದ.

"ಒಣಗ್ತಾ?" ಎಂದು ಕೇಳಿದ.

"ಇನ್ನೂ ಇಲ್ಲ," ಎಂದಳು ಅವಳು.

ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡ.