ಕೈ ಮೇಲಿನ ಮೊಹರು

"ಮೂರನೇ ಸಲ ತೊಳೀತಿದೀಯಲ್ಲೇ ಮುಂಡೇದೇ, ಅದ್ರಲ್ಲೇನು ಮದುವೆ ಪಲಾವ್ ಬಡಿಸ್ತೀಯಾ?"

ಹೆಡ್ ನರ್ಸ್ ಬಾತ್ಮಾ ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಆಯಾ ಊಲ್ಕನ್ ತಲೆಯೆತ್ತಲಿಲ್ಲ. ಬೆಳಗಿನ ಬೆಡ್‌ಪ್ಯಾನ್‌ಗಳ ರಾಶಿಯಲ್ಲಿ ಒಂದನ್ನೇ ಹಿಡಿದು ಉಜ್ಜುತ್ತಿದ್ದಳು. ಹಿಮದ ನೀರಿಗೆ ಬೆರಳುಗಳು ಬಿರಿದು ಹೋಗಿದ್ದವು. ಚಳಿಗೆ ಉರಿಸುವ ಕಲ್ಲಿದ್ದಲು ಮುಗಿದು ಶಿಶುವಿಹಾರ ಮುಚ್ಚಿದ್ದರಿಂದ ಆರು ವರ್ಷದ ಮಗಳು ಆಯ್‌ಪೇರಿ ಮೂಲೆಯಲ್ಲಿ ಕೂತು ತಾಯಿಯ ಕೈಗಳನ್ನೇ ನೋಡುತ್ತಿದ್ದಳು.

"ಬಿಡೇ ಅದನ್ನ. ನಾಳೆ ರಾಜಧಾನಿ ಬಿಷ್ಕೆಕ್‌ನಿಂದ ತಪಾಸಣೆಯೋರು ಬರ್ತಾರೆ. ಎಲ್ಲರ ಆರೋಗ್ಯದ ಪುಸ್ತಕ ತಗೊಂಡೋಗಿ ಜೊಲ್ದೋಶ್ ಡಾಕ್ಟ್ರ ಹತ್ರ ಮೊಹರು ಒತ್ತಿಸ್ಕೊಂಡು ಬಾ."

ಜೊಲ್ದೋಶ್ ಆಸ್ಪತ್ರೆಯ ಮನೋವೈದ್ಯ. ನೌಕರರ ತಲೆ ನೆಟ್ಟಗಿದೆಯೆಂದು ವರ್ಷಕ್ಕೊಮ್ಮೆ ಪ್ರಮಾಣೀಕರಿಸುವುದು ಅವನ ಕೆಲಸ. ತಲೆಗಳು ವಾರ್ಡಿನಲ್ಲೇ ಉಳಿದವು, ಪುಸ್ತಕಗಳು ಹೋದವು. ಅವುಗಳನ್ನು ಹೊತ್ತ ತಾಯಿಯ ಲಂಗ ಹಿಡಿದು ಆಯ್‌ಪೇರಿಯೂ ಹೋದಳು.

ಅವನು ಚಹಾಕ್ಕೆ ಜಾಮ್ ಕಲಸುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು, ಯಾರದೋ ಕುದುರೆಯ ಕಾಲಿನ ಬಗ್ಗೆ ಮಾತಾಡುತ್ತಿದ್ದ. ಕುದುರೆ ಸರಿಯಾಗಿ ಮೇಯುತ್ತದೆಯೇ, ನಿದ್ದೆ ಮಾಡುತ್ತದೆಯೇ ಎಂದೆಲ್ಲ ವಿಚಾರಿಸಿದ. ಇನ್ನೊಂದು ಕೈ ಮೊಹರು ಒತ್ತುತ್ತಿತ್ತು. ಆರೋಗ್ಯವಂತ. ಆರೋಗ್ಯವಂತೆ. ಆರೋಗ್ಯವಂತೆ.

"ಡಾಕ್ಟ್ರೇ, ಅದು ಆಯಾ ಅನಾರ್‌ಕುಲ್‌ದು," ಎಂದಳು ಊಲ್ಕನ್. "ಅವಳು ಸತ್ತು ಮೂರು ತಿಂಗಳಾಯ್ತು."

ಫೋನ್ ಇಳಿಯಿತು. "ಸತ್ತೋಳ ಪುಸ್ತಕ ಯಾಕೇ ತಂದೆ?"

"ಆಫೀಸ್ನೋರು ಕಟ್ಟಿ ಕೊಟ್ಟಿದ್ದು. ಪಟ್ಟೀಲಿ ಅವಳ ಹೆಸರು ಇನ್ನೂ ಐತೆ. ಅವಳ ವಾರ್ಡೂ ನಾನೇ ನೋಡ್ಕೋತಿದೀನಿ."

"ಇರ್ಲಿ ಬಿಡು. ಸತ್ತೋಳಿಗಿಂತ ಆರೋಗ್ಯ ಯಾರಿಗೈತೆ?" ಅವನು ತನ್ನ ಮಾತಿಗೆ ತಾನೇ ನಕ್ಕ.

ಬಟ್ಟೆ ಕೋಣೆಯಲ್ಲಿ ಅನಾರ್‌ಕುಲ್ ಹೆಣವಾಗಿ ಸಿಕ್ಕ ದಿನ, ಎದೆಬಡಿತ ನಿಂತು ಸತ್ತಳೆಂದು ಆಸ್ಪತ್ರೆ ಕಾಗದ ಬರೆದಿತ್ತು. ಕತ್ತಿನ ಸುತ್ತಲಿನ ಹಗ್ಗದ ಗುರುತು ಹೆಣ ತೊಳೆದವರಿಗೆ ಮಾತ್ರ ಗೊತ್ತು. ತೊಳೆದವಳು ಊಲ್ಕನ್.

"ಡಾಕ್ಟ್ರೇ, ನನ್ನ ಒಂದ್ಸಲ ನೋಡಿ. ನಿದ್ದೆ ಹತ್ತಲ್ಲ. ತೊಳೆದಿದ್ನೇ ತೊಳೀತಿರ್ತೀನಿ, ಕೈ ನಿಲ್ಲಲ್ಲ. ಬಟ್ಟೆ ಕೋಣೆ ಮುಂದೆ ಹೋದ್ರೆ... ಒಳಗೆ ಹೋಗಿ ಬಾಗ್ಲು ಹಾಕ್ಕೊಳಣ ಅನ್ಸುತ್ತೆ."

ಜೊಲ್ದೋಶ್ ಚಮಚ ನೆಕ್ಕಿದ. "ಬರೀಲಾ? ಬರೆದ್ರೆ ನಿನ್ನ ಹೆಸರು ಹುಚ್ಚರ ಪಟ್ಟಿಗೆ. ನಾಳೆಯಿಂದ ಕೆಲಸ ಇಲ್ಲ. ನಿನ್ನ ಮಗಳನ್ನ ಮುಂದೆ ಯಾವ ಮನೆಯೋರೂ ಸೊಸೆ ಮಾಡ್ಕೊಳಲ್ಲ. ಮುಲ್ಲಾ ಹತ್ರ ದುವಾ ಓದಿಸಿ ಊದಿಸ್ಕೋ ಹೋಗು."

"ಮೊಹರು ಒತ್ತಿಸೋಕೆ ಇಷ್ಟು ತಡ ಯಾಕೆ?" ಎನ್ನುತ್ತ ಬಾತ್ಮಾ ಒಳಗೆ ಬಂದಳು. ವಿಷಯ ತಿಳಿದು ಸೊಂಟಕ್ಕೆ ಕೈ ಕೊಟ್ಟಳು. "ಕೊಬ್ಬು ಕಣೇ ನಿನಗೆ! ನಮ್ಮಜ್ಜಿ ಬೆಟ್ಟದ ಗುಡಾರದಲ್ಲಿ ಹೆತ್ತು, ಸಾಯಂಕಾಲ ಎದ್ದು ಇಪ್ಪತ್ತು ಕುದುರೆ ಹಾಲು ಕರೆದ್ಲು. ಅವಳಿಗೇನು ಮನಸ್ಸು ಕೆಟ್ಟಿತ್ತಾ?"

"ನಿಮ್ಮಜ್ಜಿ ಇನ್ನೊಬ್ಬಳ ಕುದುರೇನೂ ಸೇರಿಸಿ ಕರೀತಿದ್ಲಾ ಅಕ್ಕಾ?"

ಹೊರಗೆ ರಕ್ತ ಪರೀಕ್ಷೆಗೆ ಸಾಲು ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು.

"ನಾಲಿಗೆ ನೆಟ್ಟಗೈತೆ ಅಂದ್ಮೇಲೆ ತಲೇನೂ ನೆಟ್ಟಗೈತೆ," ಎಂದ ಡಾಕ್ಟರು. ಊಲ್ಕನ್‌ಳ ಪುಸ್ತಕ ಎಳೆದು ಮೊಹರು ಎತ್ತಿದ.

ಊಲ್ಕನ್ ಪುಟದ ಮೇಲೆ ಅಂಗೈ ಊರಿದಳು.

ಎತ್ತಿದ ಕೈ ನಿಲ್ಲಲಿಲ್ಲ. ಬಿರಿದ ಚರ್ಮದ ಮೇಲೆ, ಬೆರಳ ಗೆಣ್ಣುಗಳ ಕೆಳಗೆ, ನೇರಳೆ ಶಾಯಿ ಮೂಡಿತು. ಆರೋಗ್ಯವಂತೆ.

"ತೆಗಿಯೇ ಕೈಯ!"

"ತೆಗಿಯಲ್ಲ. ಬೇಕಾದ್ರೆ ಬರ್ಕೊಳಿ, ಹುಚ್ಚಿ ಅಂತಾನೇ ಬರೀರಿ. ಮೊದ್ಲು ನನ್ನ ಮುಖ ನೋಡಿ."

ಅವನು ನೋಡಿದ್ದು ಬಾಗಿಲ ಕಡೆಗೆ, ಎಷ್ಟು ಜನ ಕೇಳಿಸಿಕೊಳ್ಳುತ್ತಿದ್ದಾರೆ ಎಂದು.

ಆಯ್‌ಪೇರಿ ತಾಯಿಯ ಲಂಗ ಬಿಟ್ಟು ಮೇಜಿನ ಹತ್ತಿರ ಬಂದಳು. ಬಾತ್ಮಾ "ಉಷ್" ಎಂದು ಅವಳ ಭುಜ ಹಿಡಿದಳು. ಹುಡುಗಿ ಕೊಸರಿಕೊಂಡಳು.

"ಡಾಕ್ಟ್ರೇ," ಎಂದಳು, ಸಾಲಿನ ಕೊನೆಯವರಿಗೂ ಕೇಳುವಂತೆ, "ನಮ್ಮಮ್ಮನೂ ಅನಾರ್‌ಕುಲ್ ಅತ್ತೆ ಥರಾನೇ ಸತ್ತೋಗ್ತಾಳಾ?"